ಟೂಲ್ ಬಾಕ್ಸ್: ಅಗ್ಗದ್ದು ಸಾಕೇ, ದುಬಾರಿಯದ್ದೇ ಬೇಕೇ? ಮಂಗಳೂರು–ಉಡುಪಿಯ ಮೆಕ್ಯಾನಿಕ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಸಾವಿರದ್ದೂ ಪೆಟ್ಟಿಗೆಯೇ, ಅರವತ್ತು ಸಾವಿರದ್ದೂ ಪೆಟ್ಟಿಗೆಯೇ. ಹೆಚ್ಚು ಕೊಡುವ ಹಣ ಎಲ್ಲಿಗೆ ಹೋಗುತ್ತದೆ?

ಸ್ವಲ್ಪ ಹೆಸರಿಗೆ ಹೋಗುತ್ತದೆ, ಅದು ಇದ್ದದ್ದೇ. ಉಳಿದದ್ದು ಡ್ರಾಯರ್‌ನ ಸ್ಲೈಡ್, ತಗಡಿನ ದಪ್ಪ, ಬಣ್ಣ ಹಚ್ಚುವ ಮೊದಲಿನ ಕೆಲಸ ಮತ್ತು ಚಕ್ರಗಳಿಗೆ.

ಅಗ್ಗದ ಪೆಟ್ಟಿಗೆಯಲ್ಲಿ ತಗಡಿನ ಮೇಲೆ ತಗಡು ಉಜ್ಜಿಕೊಂಡು ಡ್ರಾಯರ್ ಜಾರುತ್ತದೆ. ಖಾಲಿ ಇದ್ದಾಗ ಚಂದ ಓಡುತ್ತದೆ. ಒಂದು ಸೆಟ್ ರಿಂಗ್ ಸ್ಪ್ಯಾನರ್ ಹಾಕಿ ನೋಡಿ, ಒಂದು ಕಡೆ ಮುಂದೆ ಬರುತ್ತದೆ, ಇನ್ನೊಂದು ಕಡೆ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಬಾಲ್ ಬೇರಿಂಗ್ ಸ್ಲೈಡ್‌ನಲ್ಲಿ ಈ ಕಿರಿಕಿರಿ ಇಲ್ಲ. ಒಂದು ಜೋಡಿಗೆ ಸಾಮಾನ್ಯವಾಗಿ 35ರಿಂದ 45 ಕೆಜಿ ಭಾರದ ಮಿತಿ ಇರುತ್ತದೆ.

ತಗಡನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ನಂಬರ್ ಏರಿದಷ್ಟೂ ತಗಡು ತೆಳು. 22 ಗೇಜ್ ಅಂದರೆ 0.71 ಮಿ.ಮೀ., 20 ಗೇಜ್ 0.91, 18 ಗೇಜ್ 1.22. ಮೇಲೆ ಅಂಟಿಸಿದ ‘ಹೆವಿ ಡ್ಯೂಟಿ’ ಸ್ಟಿಕ್ಕರ್ ಅಳತೆಯಲ್ಲ. ವರ್ನಿಯರ್ ಕೈಯಲ್ಲೇ ಇರುತ್ತದಲ್ಲ, ಅಂಗಡಿಗೆ ಹೋಗುವಾಗ ಜೇಬಿಗೆ ಹಾಕಿಕೊಳ್ಳಿ. ಡ್ರಾಯರ್‌ನ ಮಡಿಚದ ಅಂಚನ್ನು ಅಳೆದು, ಎರಡೂ ಬದಿಯ ಪೌಡರ್ ಕೋಟಿಂಗ್‌ಗೆ (ಪುಡಿ ಹಾಯಿಸಿ ಬಿಸಿಯಲ್ಲಿ ಕೂರಿಸಿದ ಬಣ್ಣ) ಅಂತ ಸುಮಾರು 0.15 ಮಿ.ಮೀ. ಕಳೆದರೆ ನಿಜವಾದ ದಪ್ಪ ಸಿಗುತ್ತದೆ.

ಐಟಿಐ ಮುಗಿಸಿ ಈಗಷ್ಟೇ ಗ್ಯಾರೇಜಿಗೆ ಸೇರಿದ್ದೇನೆ. ಮೊದಲು ಯಾವುದು ತೆಗೆದುಕೊಳ್ಳಲಿ?

ಐದು ಟ್ರೇಯ, ಎರಡೂ ಬದಿಗೆ ಬಿಚ್ಚಿಕೊಳ್ಳುವ ತಗಡಿನ ಪೆಟ್ಟಿಗೆ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು–ಎರಡೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕೈಯಲ್ಲಿರುವ ಒಟ್ಟು ಹಣದ ಐದನೇ ಒಂದು ಪಾಲಿಗಿಂತ ಹೆಚ್ಚು ಪೆಟ್ಟಿಗೆಗೆ ಹಾಕಬೇಡಿ. ಉಳಿದದ್ದು ಸಲಕರಣೆಗೆ. ಒಳ್ಳೆಯ ಪೆಟ್ಟಿಗೆಯೊಳಗೆ ಬಾಯಿ ಅಗಲವಾದ ಸ್ಪ್ಯಾನರ್ ಇಟ್ಟುಕೊಂಡು ಬೋಲ್ಟಿನ ಮೂಲೆ ಸವೆಸುವುದರಲ್ಲಿ ಅರ್ಥವಿಲ್ಲ.

ಆರಂಭಕ್ಕೆ 6–7ರಿಂದ 20–22 ಮಿ.ಮೀ.ವರೆಗಿನ ಎಂಟು ರಿಂಗ್ ಸ್ಪ್ಯಾನರ್, ಅದೇ ಅಳತೆಯ ಎಂಟು ಡಬಲ್ ಎಂಡ್ ಸ್ಪ್ಯಾನರ್, ಅರ್ಧ ಇಂಚು ಡ್ರೈವ್‌ನ (ಹಿಡಿ ಕೂರುವ ಚೌಕದ ಅಳತೆ) 10ರಿಂದ 32 ಮಿ.ಮೀ.ನ ಸಾಕೆಟ್ ಸೆಟ್, ಅಲೆನ್ ಕೀ, ಕಟ್ಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ನಾಲ್ಕೈದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ. ಟೂ ವೀಲರ್ ಕೆಲಸವೇ ಆದರೆ ಅರ್ಧ ಇಂಚಿನ ಬದಲು ಮೂರು ಎಂಟಾಂಶ ಇಂಚಿನ ಸಣ್ಣ ಡ್ರೈವ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊರಡುವ ಮೊದಲು ನಿಮ್ಮ ಅತಿ ಉದ್ದದ ಸಲಕರಣೆಯನ್ನು ಅಳೆದುಕೊಳ್ಳಿ. ಈ ಪೆಟ್ಟಿಗೆಗಳು ಹೆಚ್ಚಾಗಿ 17ರಿಂದ 21 ಇಂಚು ಉದ್ದ ಇರುತ್ತವೆ. ವೀಲ್ ನಟ್ ಬಿಚ್ಚುವ 600 ಮಿ.ಮೀ. ಬ್ರೇಕರ್ ಬಾರ್ ಯಾವುದರಲ್ಲೂ ಕೂರುವುದಿಲ್ಲ. ಬೋಲ್ಟನ್ನು ಅಳತೆಯಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್ ಹೇಗೂ ಅದರದ್ದೇ ಕೇಸಿನಲ್ಲಿರಬೇಕು, ಅದೂ ಸ್ಕೇಲನ್ನು ಅತಿ ಕಡಿಮೆ ಗುರುತಿಗೆ ಇಳಿಸಿ.

ಡ್ರಾಯರ್ ಇರುವ ದೊಡ್ಡ ಕ್ಯಾಬಿನೆಟ್‌ಗೆ ಹೋಗುವ ಕಾಲ ಬಂತು ಅಂತ ಹೇಗೆ ಗೊತ್ತಾಗುತ್ತದೆ?

ಸಲಕರಣೆ ಹುಡುಕುವುದರಲ್ಲಿ ಹೊತ್ತು ಹೋಗುತ್ತಿದ್ದರೆ. ದಿನಕ್ಕೆ 60 ಸಲ ಪೆಟ್ಟಿಗೆಗೆ ಕೈ ಹಾಕುತ್ತೀರಿ, ಒಂದೊಂದು ಸಲ 20 ಸೆಕೆಂಡ್ ತಡಕಾಡುತ್ತೀರಿ ಎಂದುಕೊಳ್ಳಿ. ದಿನಕ್ಕೆ 20 ನಿಮಿಷ ಆಯಿತು. ತಿಂಗಳಿಗೆ 25 ದಿನ ದುಡಿದರೆ ಎಂಟು ಗಂಟೆಗೂ ಮೇಲೆ. ನಿಮ್ಮ ಒಂದು ದಿನದ ಕೂಲಿ ಎಷ್ಟೋ ಅದು ತಿಂಗಳು ತಿಂಗಳು ಪೆಟ್ಟಿಗೆಯೊಳಗೆ ಬಿದ್ದು ಹೋಗುತ್ತಿದೆ. ಹಾಗಂತ ಮನೆಮನೆಗೆ, ರಸ್ತೆ ಬದಿಗೆ ಹೋಗಿ ರಿಪೇರಿ ಮಾಡುವವರು ಕ್ಯಾಬಿನೆಟ್ ತಂದರೆ ಅದು ಶೆಡ್ಡಿನಲ್ಲಿ ಧೂಳು ತಿನ್ನುತ್ತದೆ. ಅವರಿಗೆ ಎರಡು ಅಗ್ಗದ ಪೆಟ್ಟಿಗೆಗಳೇ ಅನುಕೂಲ: ಒಂದರಲ್ಲಿ ದಿನಬಳಕೆಯದ್ದು, ಇನ್ನೊಂದರಲ್ಲಿ ಪುಲ್ಲರ್ (ಬೇರಿಂಗ್ ಎಳೆದು ತೆಗೆಯುವುದು), ಸರ್ಕ್ಲಿಪ್ ಪ್ಲೇಯರ್‌ನಂಥವು.

ಅಂಗಡಿಯಲ್ಲಿ ನಿಂತು ಏನೆಲ್ಲ ಪರೀಕ್ಷೆ ಮಾಡಬೇಕು?

ಐದು ನಿಮಿಷ ಸಾಕು, ಅಂಗಡಿಯವರು ಬೇಸರ ಮಾಡಿಕೊಂಡರೂ ಮಾಡಿ.

ಅತಿ ಅಗಲದ ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಒಂದು ಮೂಲೆಯನ್ನು ಮಾತ್ರ ಹೆಬ್ಬೆರಳಿನಿಂದ ಒತ್ತಿ. ಡ್ರಾಯರ್ ಬಾಗಿ ಎದುರು ಮೂಲೆ ಮೇಲೆದ್ದರೆ ತಗಡು ತೆಳು, ಇಲ್ಲವೇ ಅಂಚನ್ನು ಒಂದೇ ಮಡಿಕೆ ಮಾಡಿದ್ದಾರೆ. ಆಮೇಲೆ ಒಂದೇ ಬದಿ ಹಿಡಿದು ಒಳಗೆ ತಳ್ಳಿ. ಕಚ್ಚಿಕೊಳ್ಳದೆ ಒಳಗೆ ಹೋಗಬೇಕು. ಅಂಗಡಿಯಲ್ಲೇ ಇರುವ ನಟ್ ಬೋಲ್ಟಿನ ಡಬ್ಬ ಕೇಳಿ 15–20 ಕೆಜಿ ತುಂಬಿಸಿ ಇದನ್ನೇ ಇನ್ನೊಮ್ಮೆ ಮಾಡಿ.

ಮುಂದಿನದ್ದು ಬಹಳ ಜನ ನೋಡದ ಜಾಗ. ಡ್ರಾಯರ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ಕ್ಯಾಬಿನೆಟ್‌ನ ಒಳಗಿನ ಹಿಂಬದಿಯ ಕೆಳಮೂಲೆ ನೋಡಿ. ಅಲ್ಲಿ ಬಣ್ಣ ಸರಿಯಾಗಿ ಕೂತಿದೆಯೋ, ಬೂದು ತಗಡು ಕಾಣುತ್ತದೆಯೋ? ಪೌಡರ್ ಕೋಟಿಂಗ್ ಗನ್ನಿನ ಪುಡಿ ಒಳಮೂಲೆಗಳಿಗೆ ಸುಲಭವಾಗಿ ಹೋಗುವುದಿಲ್ಲ. ಕೆಲಸಗಾರರು ಅವಸರ ಮಾಡಿದ್ದರೆ ಅದು ಅಲ್ಲೇ ತಿಳಿಯುತ್ತದೆ, ಮೊದಲ ಮಳೆಗಾಲದಲ್ಲಿ ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಸ್ಪಾಟ್ ವೆಲ್ಡ್‌ನ ಸುತ್ತ ಕಂದು ಬಳೆ ಈಗಲೇ ಕಂಡರೆ ಆ ಪೀಸ್ ಬೇಡ.

ದುಬಾರಿ ಬಾಕ್ಸಿಗೆ ತುಕ್ಕು ಹಿಡಿಯುವುದಿಲ್ಲ ಅಲ್ಲವೇ?

ಹಿಡಿಯುತ್ತದೆ. ತಡವಾಗಿ ಹಿಡಿಯುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಹತ್ತು ವರ್ಷ ಹೊಸದರಂತಿರುವ ಪೆಟ್ಟಿಗೆ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಹಾಗಿರಬೇಕಾಗಿಲ್ಲ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಮೇಲೆ ಮಳೆ. ಆದರೆ ಮಳೆನೀರಿಗಿಂತ ಹೆಚ್ಚು ಕಾಟ ಕೊಡುವುದು ಗಾಳಿಯ ಉಪ್ಪು. ಗಾಳಿಯ ತೇವಾಂಶ ಶೇ. 75ರ ಹತ್ತಿರ ಏರಿದ ಮೇಲೆಯೇ ಶುದ್ಧ ಅಡುಗೆ ಉಪ್ಪು ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33–35 ಇದ್ದರೂ ಸಾಕು, ನೀರು ಎಳೆದುಕೊಳ್ಳುತ್ತದೆ. ಹೀಗಾಗಿ ಮಾರ್ಚ್ ತಿಂಗಳ ಬಿರುಬಿಸಿಲಲ್ಲೂ ಸ್ಪ್ಯಾನರ್ ಮೇಲೆ ಕಣ್ಣಿಗೆ ಕಾಣದ ಒದ್ದೆ ಪದರ ಇರುತ್ತದೆ.

ಒಳ್ಳೆಯ ತಯಾರಕರು ತಗಡಿಗೆ ಮೊದಲು ಫಾಸ್ಫೇಟ್ ಸ್ನಾನ ಮಾಡಿಸಿ, ಅದರ ಮೇಲೆ 60–80 ಮೈಕ್ರಾನ್ ಪೌಡರ್ ಕೂರಿಸುತ್ತಾರೆ. ಫಾಸ್ಫೇಟ್ ಇದ್ದಲ್ಲಿ ಬಣ್ಣ ಗೀರಿದರೂ ತುಕ್ಕು ಆ ಗೀರಿನಲ್ಲೇ ನಿಲ್ಲುತ್ತದೆ. ಇಲ್ಲದಲ್ಲಿ ಬಣ್ಣದ ಅಡಿಯಿಂದ ಹರಿದು, ಹಪ್ಪಳದ ಹಾಗೆ ಬಣ್ಣವನ್ನೇ ಎಬ್ಬಿಸುತ್ತದೆ. ಉಗುರಿನಿಂದ ಕೆದಕಿದರೆ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಕಿತ್ತು ಬರುತ್ತದೆ.

ಪೆಟ್ಟಿಗೆಯ ತಪ್ಪಲ್ಲದ ಇನ್ನೊಂದು ಕಾರಣವೂ ಉಂಟು. ಬ್ಯಾಟರಿ ಚಾರ್ಜಿಂಗ್ ಮೂಲೆಯ ಪಕ್ಕದಲ್ಲೇ ಟೂಲ್ ಕ್ಯಾಬಿನೆಟ್ ಇಟ್ಟಿರುತ್ತಾರೆ. ಚಾರ್ಜ್ ಆಗುವಾಗ ಏಳುವ ಗುಳ್ಳೆಗಳೊಂದಿಗೆ ಆಸಿಡ್‌ನ ಸೂಕ್ಷ್ಮ ಹನಿ ಗಾಳಿಗೆ ಬರುತ್ತದೆ. ಕ್ಯಾಬಿನೆಟ್‌ನ ಆ ಬದಿ ಮಾತ್ರ ಮೊದಲು ಹಾಳಾದರೆ ಬೇರೆಲ್ಲೂ ಹುಡುಕಬೇಡಿ. ಜಾಗ ಬದಲಿಸಿ.

ಸಲಕರಣೆಗೆ ಯಾವ ಎಣ್ಣೆ ಹಚ್ಚಬೇಕು? ತೆಂಗಿನೆಣ್ಣೆ ಆಗುವುದಿಲ್ಲವೇ?

ಕತ್ತಿಗೆ ಹಚ್ಚುತ್ತೇವೆ, ಸ್ಪ್ಯಾನರಿಗೆ ಯಾಕೆ ಬೇಡ ಅನ್ನಿಸುವುದು ಸಹಜ. ಕತ್ತಿ ದಿನಾ ಉಜ್ಜಿಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂತ ತೆಂಗಿನೆಣ್ಣೆ ಕಮಟು ಹಿಡಿದು ಆಮ್ಲವಾಗುತ್ತದೆ, ಇರುವೆ ಜಿರಳೆಗಳನ್ನು ಕರೆಯುತ್ತದೆ, ರಾಚೆಟ್‌ನ (ಸಾಕೆಟ್ ತಿರುಗಿಸುವ ಹಿಡಿ) ಹಲ್ಲಿನೊಳಗೆ ಧೂಳಿನೊಂದಿಗೆ ಸೇರಿ ಕೆಸರಾಗುತ್ತದೆ. ಗಾಡಿಯಿಂದ ಇಳಿಸಿದ ಹಳೆ ಇಂಜಿನ್ ಆಯಿಲ್ ಇನ್ನೂ ಕೆಟ್ಟದ್ದು. ಅದರಲ್ಲಿ ನೀರಿನ ಅಂಶವೂ ಉರಿದ ಇಂಧನದ ಆಮ್ಲವೂ ಇರುತ್ತದೆ. ಡಬ್ಲ್ಯುಡಿ-40 ನೀರನ್ನು ಓಡಿಸಲು ಒಳ್ಳೆಯದು, ಆದರೆ ಅದರ ಪದರ ತೆಳು, ಆಟಿ ತಿಂಗಳು (ಜುಲೈ–ಆಗಸ್ಟ್‌ನ ಮಳೆಯ ಹೊತ್ತು) ದಾಟಿಸುವಷ್ಟು ಬಾಳುವುದಿಲ್ಲ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಹೀಗೆ ಮಾಡಿ. ಸಲಕರಣೆಯನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ತೆಗೆದು, ಹೊಸ ಮೆಷಿನ್ ಆಯಿಲ್ ಅಥವಾ ರಸ್ಟ್ ಪ್ರಿವೆಂಟಿವ್ ಆಯಿಲ್ ತಾಗಿಸಿದ ಬಟ್ಟೆಯಲ್ಲಿ ಒಂದು ಸಲ ಸವರಿ. ಕೈಗೆ ಜಾರುವಷ್ಟು ಬೇಡ. ಡ್ರಾಯರ್ ತಳಕ್ಕೆ ಪೇಪರ್, ಗೋಣಿ, ಮಾಮೂಲಿ ಸ್ಪಂಜ್ ಹಾಸಬೇಡಿ. ಮೂರೂ ನೀರು ಹೀರಿ ಇಟ್ಟುಕೊಳ್ಳುತ್ತವೆ. ನೀರು ಹೀರದ ಇವಿಎ ಫೋಮ್ ಶೀಟ್ ಹಾಸಿ.

ಐದು ಟ್ರೇಯ ಪೆಟ್ಟಿಗೆಗೆ 100–200 ಗ್ರಾಂ ಸಿಲಿಕಾ ಜೆಲ್ ಹಾಕಬಹುದು. ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ನೀಲಿ ಹರಳಿನದ್ದನ್ನು ಅಡುಗೆ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ, ಆ ನೀಲಿ ಕೋಬಾಲ್ಟ್ ಕ್ಲೋರೈಡ್‌ನದ್ದು. ದಿನವಿಡೀ ತೆರೆದು ಮುಚ್ಚುವ ಕ್ಯಾಬಿನೆಟ್‌ಗೆ ಸಿಲಿಕಾ ಜೆಲ್ ದಂಡ. ಅದು ಇಡೀ ಊರಿನ ಗಾಳಿ ಒಣಗಿಸಲು ಹೊರಟ ಹಾಗೆ.

ಆಯುಧ ಪೂಜೆ ಬರುವುದು ಮಳೆ ಹಿಂದೆ ಸರಿಯುವ ಹೊತ್ತಿಗೆ. ಹೇಗೂ ಎಲ್ಲವನ್ನೂ ಹೊರಗೆ ತೆಗೆದು ತೊಳೆಯುತ್ತೀರಿ, ವರ್ಷದ ತಪಾಸಣೆಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಆದರೆ ಒದ್ದೆ ಗಂಧ, ಕುಂಕುಮ, ಹೂವು ಮೂರು ದಿನ ಸ್ಪ್ಯಾನರ್ ಮೇಲೇ ಉಳಿದರೆ ಅದೇ ಆಕಾರದ ಕಲೆ ಕೂರುತ್ತದೆ. ಮರುದಿನ ಒರೆಸಿ ಎಣ್ಣೆ ಮುಟ್ಟಿಸಿ.

ಪ್ಲಾಸ್ಟಿಕ್ ಬಾಕ್ಸ್ ಹೇಗೆ?

ಪೆಟ್ಟಿಗೆಗೆ ತುಕ್ಕಿಲ್ಲ, ಒಳಗಿನದ್ದಕ್ಕೆ ಉಂಟು. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಒದ್ದೆ ಸಲಕರಣೆ ಹಾಕಿ ಮುಚ್ಚಿದರೆ ಆ ನೀರು ಅಲ್ಲೇ ಆವಿಯಾಗಿ ಅಲ್ಲೇ ಇಳಿಯುತ್ತದೆ. ಪಾಲಿಪ್ರೊಪಿಲೀನ್ ಪೆಟ್ಟಿಗೆ ಪೆಟ್ರೋಲ್, ಬ್ರೇಕ್ ಆಯಿಲ್ ಚೆಲ್ಲಿದರೂ ಸುಮಾರಿಗೆ ತಡೆದುಕೊಳ್ಳುತ್ತದೆ. ಪಾರದರ್ಶಕ ಮುಚ್ಚಳದ್ದು ಪಾಲಿಕಾರ್ಬೊನೇಟ್ ಆಗಿದ್ದರೆ ಬ್ರೇಕ್ ಕ್ಲೀನರ್ ಬಿದ್ದಲ್ಲಿ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಬಿಸಿಲಲ್ಲಿ ಪಿಕಪ್‌ನ ಹಿಂದೆ ಇಟ್ಟದ್ದರಲ್ಲಿ ಮೊದಲು ಮುರಿಯುವುದು ಲಾಚ್. ಬಿಡಿ ಲಾಚ್ ಸಿಗುತ್ತದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ.

ಸ್ಟೇನ್‌ಲೆಸ್ ಸ್ಟೀಲ್‌ನದ್ದು ತೆಗೆದುಕೊಂಡರೆ ತಲೆಬಿಸಿ ಮುಗಿಯಿತಲ್ಲ?

ಯಾವ ಸ್ಟೇನ್‌ಲೆಸ್ ಎನ್ನುವುದರ ಮೇಲೆ ಹೋಗುತ್ತದೆ. 202 ಗ್ರೇಡಿನದ್ದು ಸಮುದ್ರದ ಹತ್ತಿರ ಬೇಗನೆ ಕಂದು ಚುಕ್ಕೆ ಬಿಡುತ್ತದೆ. 304 ವಾಸಿ, ಆದರೂ ಉಪ್ಪು ಕೂತಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತದೆ. ಶೇ. 2–3 ಮಾಲಿಬ್ಡಿನಂ ಇರುವ 316 ನಿಜಕ್ಕೂ ಬಾಳುತ್ತದೆ, ಬೆಲೆಯೂ ಹಾಗೆಯೇ. ಸಾಮಾನ್ಯ ಗ್ಯಾರೇಜಿಗೆ ಅಷ್ಟು ಬೇಕಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಬೈಕಂಪಾಡಿಯಲ್ಲೋ ಯೆಯ್ಯಾಡಿಯಲ್ಲೋ ಫ್ಯಾಬ್ರಿಕೇಶನ್‌ನವರ ಹತ್ತಿರ ಮಾಡಿಸಿದರೆ?

ಅಗ್ಗ ಮತ್ತು ದುಬಾರಿ ನಡುವಿನ ಒಳ್ಳೆಯ ದಾರಿ ಇದು. ‘ಒಂದು ಟೂಲ್ ಕ್ಯಾಬಿನೆಟ್ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದರೆ ಮಾತ್ರ ಗೋದ್ರೇಜ್ ಕಪಾಟಿನ ತಮ್ಮ ಬರುತ್ತಾನೆ. ಅಳತೆ ಬರೆದು ಕೊಡಿ.

ಕ್ಯಾಬಿನೆಟ್‌ನ ಹೊರ ಬಾಡಿಯ ತಗಡು 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಡ್ರಾಯರ್‌ಗೆ 20 ಗೇಜ್. ಅಡುಗೆಮನೆ ಕಪಾಟಿಗೆ ಬಡಗಿಗಳು ಹಾಕುವ 45 ಮಿ.ಮೀ. ಅಗಲದ ಬಾಲ್ ಬೇರಿಂಗ್ ಟೆಲಿಸ್ಕೋಪಿಕ್ ಚಾನಲ್ ಇದಕ್ಕೂ ಆಗುತ್ತದೆ. ಈ ಚಾನಲ್‌ಗೆ ಪ್ರತಿ ಬದಿಯಲ್ಲಿ 12.7 ಮಿ.ಮೀ. ಜಾಗ ಬೇಕು. ಬಾಡಿಯ ಒಳ ಅಗಲ 600 ಮಿ.ಮೀ. ಇದ್ದರೆ ಡ್ರಾಯರ್‌ನ ಹೊರ ಅಗಲ 574. ಮಾಡಿಸಿದ ಕ್ಯಾಬಿನೆಟ್ ಕೆಡುವುದು ಹೆಚ್ಚಾಗಿ ಇಲ್ಲೇ: 577 ಆದರೆ ಡ್ರಾಯರ್ ಬಿಗಿಯಾಗಿ ಬಾಲ್‌ಗಳ ಪಟ್ಟಿ ಬಾಗುತ್ತದೆ, 570 ಆದರೆ ಸಡಿಲವಾಗಿ ಬಾಲ್ ಉದುರುತ್ತದೆ. ವೆಲ್ಡಿಂಗ್ ಬಿಸಿಗೆ ಬಾಡಿ ಒಂದೆರಡು ಮಿ.ಮೀ. ಎಳೆದುಕೊಳ್ಳುವುದುಂಟು. ಹಾಗಾಗಿ ಬಾಡಿ ಬೆಸೆದು ತಣಿದ ಮೇಲೆ ಮುಂದೆ, ಹಿಂದೆ ಎರಡೂ ಕಡೆ ಅಳೆದು ಆಮೇಲೆ ಡ್ರಾಯರ್ ತಗಡು ಕತ್ತರಿಸಲು ಹೇಳಿ. ಸಾಕೆಟ್, ಪುಲ್ಲರ್ ಇಡುವ ಕೆಳ ಡ್ರಾಯರ್‌ಗೆ ಪ್ರತಿ ಬದಿಗೆ ಎರಡೆರಡು ಚಾನಲ್.

ಅಡಿಯ ಫ್ರೇಮಿಗೆ ಸ್ಕ್ವೇರ್ ಟ್ಯೂಬ್ ಹಾಕಿದರೆ ಕೆಳಮುಖವಾಗಿ 6 ಮಿ.ಮೀ. ತೂತು ಬಿಡಿಸಿ. ಎರಡೂ ತುದಿ ಮುಚ್ಚಿದ ಟ್ಯೂಬಿಗೆ ಎಲ್ಲಿಂದಲೋ ನೀರು ಸೇರುತ್ತದೆ, ಹೊರಗೆ ಬರುವುದಿಲ್ಲ, ಒಳಗಿಂದ ತಿನ್ನುತ್ತದೆ. ಬರೀ ರೆಡ್ ಆಕ್ಸೈಡ್ ಮೇಲೆ ಎನಾಮೆಲ್ ಬೇಡ. ಎಪಾಕ್ಸಿ ಝಿಂಕ್ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ಪ್ರೈಮರ್ ಹೊಡೆಯುವುದನ್ನು ಬಿಸಿಲು ಇರುವ ತಿಂಗಳಲ್ಲಿ ಮಾಡಿಸಿ. ಜುಲೈಯಲ್ಲಿ ಹೊಡೆದ ಪ್ರೈಮರ್ ಅಡಿಯಲ್ಲಿ ಪಸೆಯನ್ನೇ ಕಟ್ಟಿಹಾಕಿದ ಹಾಗಾಗುತ್ತದೆ.

ಚಕ್ರ ಎಷ್ಟು ದೊಡ್ಡದಿರಬೇಕು?

ಅಂಗಳದಲ್ಲಿ ಕೆಂಪು ಮಣ್ಣು, ಜಲ್ಲಿ ಇದ್ದರೆ 125 ಮಿ.ಮೀ.ಗಿಂತ ಕಡಿಮೆ ಬೇಡ. 75ರದ್ದು ಒಂದು ನಟ್ ಅಡ್ಡ ಬಂದರೂ ನಿಲ್ಲುತ್ತದೆ. ಭಾರವನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಿ. ಏರುಪೇರಿನ ನೆಲದಲ್ಲಿ ಒಂದು ಚಕ್ರ ಯಾವಾಗಲೂ ಗಾಳಿಯಲ್ಲೇ. ಕ್ಯಾಬಿನೆಟ್ 60 ಕೆಜಿ, ಸಲಕರಣೆ 120 ಕೆಜಿ ಆದರೆ ಒಂದು ಚಕ್ರಕ್ಕೆ 60 ಕೆಜಿ, 80ರದ್ದು ಹಾಕಿ. ರಬ್ಬರ್ ಚಕ್ರ ಆಯಿಲ್ ತಾಗಿ ಮೆತ್ತಗಾಗುತ್ತದೆ, ಪಿಯು ಚಕ್ರ ತೆಗೆದುಕೊಳ್ಳಿ.

ಐದು ಟ್ರೇಯ ಪೆಟ್ಟಿಗೆ ಲಡಲಡ ಅಲ್ಲಾಡುತ್ತಿದೆ. ಗುಜರಿಗೆ ಹಾಕುವುದೇ?

ಬೇಡ. ಸವೆದದ್ದು ಟ್ರೇಗಳನ್ನು ಜೋಡಿಸುವ ಪಟ್ಟಿಯ ರಿವೆಟ್ ಮಾತ್ರ. ರಿವೆಟ್ ತಲೆಯನ್ನು ಡ್ರಿಲ್ ಮಾಡಿ ತೆಗೆದು, ತೂತನ್ನು 5 ಮಿ.ಮೀ.ಗೆ ಸರಿಮಾಡಿ, ಎಂ5 ಬೋಲ್ಟ್, ಎರಡು ವಾಷರ್, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಹಾಕಿ. ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ಬಿಡಿ. ಟ್ರೇ ಆಡಬೇಕು, ವಾಲಬಾರದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಯಾವ ಪಟ್ಟಿ ಎಲ್ಲಿಯದ್ದು ಅಂತ ಗೊಂದಲ ಆಗುತ್ತದೆ, ಒಂದೊಂದೇ ಬದಲಿಸಿ. ಮುಂದಕ್ಕೆ ಸುತ್ತಿಗೆ, ಪುಲ್ಲರ್ ಅಡಿಯ ತಳದಲ್ಲೇ ಇರಲಿ. ಮೇಲಿನ ಟ್ರೇಗೆ ಭಾರ ಹಾಕಿದ್ದರಿಂದಲೇ ರಿವೆಟ್ ಸವೆದದ್ದು.

ಮಲ್ಪೆ ಬಂದರಿನಲ್ಲಿ, ಮಂಗಳೂರು ಧಕ್ಕೆಯಲ್ಲಿ ಬೋಟ್ ಇಂಜಿನ್ ಕೆಲಸ. ನಮಗೆ ಯಾವುದು?

ದುಬಾರಿ ಕ್ಯಾಬಿನೆಟ್ ದಡದ ಶೆಡ್ಡಿನಲ್ಲಿರಲಿ. ಬೋಟಿಗೆ ಇಳಿಸುವುದು ಅಡಿಯಲ್ಲಿ ನಾಲ್ಕು ತೂತಿರುವ ಪ್ಲಾಸ್ಟಿಕ್ ಪೆಟ್ಟಿಗೆ ಅಥವಾ ಕ್ಯಾನ್ವಾಸ್ ಚೀಲ, ಅದರಲ್ಲಿ ಆ ದಿನದ ಕೆಲಸಕ್ಕೆ ಬೇಕಾದಷ್ಟೇ. ಬೋಟಿನ ಅಂಚಿನಲ್ಲಿ ಕೆಲಸ ಮಾಡುವಾಗ ರಾಚೆಟ್‌ಗೆ ಒಂದು ಹಗ್ಗ ಕಟ್ಟಿಕೊಳ್ಳಿ.

ಉಪ್ಪುನೀರಿಗೆ ಬಿದ್ದ ಸಲಕರಣೆಯನ್ನು ಒರೆಸಿ ಇಟ್ಟರೆ ಸಾಲದು, ಉಪ್ಪು ಅಲ್ಲೇ ಉಳಿಯುತ್ತದೆ. ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಒಣಗಿಸಿ, ಆಮೇಲೆ ಡಬ್ಲ್ಯುಡಿ-40, ಕೊನೆಗೆ ಎಣ್ಣೆ. ರಾಚೆಟ್ ಆದರೆ ತಲೆ ಬಿಚ್ಚಿ ಒಳಗೂ ತೊಳೆದು ಹೊಸ ಗ್ರೀಸ್ ಹಾಕಬೇಕು. ಕ್ರೋಮ್ ಸಿಪ್ಪೆ ಎದ್ದ ಸ್ಪ್ಯಾನರ್ ಅಂಗೈ ಕೊಯ್ಯುತ್ತದೆ, ಬದಲಿಸಿಬಿಡಿ.

ಗಲ್ಫಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕ್ಯಾಬಿನೆಟ್ ಒಂದು ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ಪೆಟ್ಟಿಗೆ ಒಳ್ಳೆಯದಿರಬಹುದು. ಮೂರು ವಿಷಯ ನೋಡಿ: ಎಲ್ಲ ಡ್ರಾಯರ್‌ಗೂ ಸ್ಲೈಡ್ ಸರಿ ಇದೆಯೇ, ಬೀಗದ ಕೀ ಇದೆಯೇ, ಒಳಗೆ ಸೆಟ್ ಇದ್ದರೆ ಅದು ಮಿಲಿಮೀಟರಿನದ್ದೋ ಇಂಚಿನದ್ದೋ. ಇಂಚಿನ ಸಾಕೆಟ್ ನಮ್ಮ ಮಾರುತಿ, ಹೀರೋ ಬೋಲ್ಟುಗಳಿಗೆ ಸರಿಯಾಗಿ ಕೂರುವುದಿಲ್ಲ. ‘ಹತ್ತಿರ ಹತ್ತಿರ’ ಕೂತು ಮೂಲೆ ತಿನ್ನುತ್ತದೆ. ಸ್ಲೈಡ್ ಹೋಗಿದ್ದರೆ ಅದೇ ಕಂಪನಿಯದ್ದು ಇಲ್ಲಿ ಸಿಗುವುದು ಕಷ್ಟ, ಮೇಲೆ ಹೇಳಿದ 45ರ ಚಾನಲ್ ಕೂರುತ್ತದೆಯೇ ಎಂದು ಜಾಗ ಅಳೆದು ನೋಡಿ ಮಾತು ಮುಗಿಸಿ.

‘ಲೈಫ್‌ಟೈಮ್ ವಾರಂಟಿ’ ನಂಬಬಹುದೇ?

ಹೆಚ್ಚಿನ ಕಡೆ ಅದು ಸ್ಪ್ಯಾನರ್, ಸಾಕೆಟ್‌ಗೆ. ಪೆಟ್ಟಿಗೆಗೆ ಬೇರೆ ಅವಧಿ. ತುಕ್ಕು, ಸವೆತ ಸೇರುತ್ತದೆಯೇ, ಸ್ಲೈಡ್ ಬಿಡಿಯಾಗಿ ಸಿಗುತ್ತದೆಯೇ, ವಾಪಸ್ ಕಳುಹಿಸುವ ಲಾರಿ ಬಾಡಿಗೆ ಯಾರದ್ದು ಎಂದು ಕೇಳಿ ಬಿಲ್ ಮೇಲೇ ಬರೆಸಿ.

ಸಾಲ, ಸಬ್ಸಿಡಿ ಏನಾದರೂ?

ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 15,000 ರೂಪಾಯಿ ಟೂಲ್ ಕಿಟ್ ನೆರವು 18 ಕಸುಬುಗಳಿಗೆ. ಕಮ್ಮಾರ, ಬಡಗಿ, ದೋಣಿ ಕಟ್ಟುವವರು ಅದರಲ್ಲಿದ್ದಾರೆ, ಮೋಟಾರು ಮೆಕ್ಯಾನಿಕ್ ಇಲ್ಲ. ಮುದ್ರಾ ಸಾಲದ ಶಿಶು ವಿಭಾಗದಲ್ಲಿ 50,000ವರೆಗೆ ಕೇಳಬಹುದು. ಜಿಎಸ್‌ಟಿ ರೆಗ್ಯುಲರ್ ನೋಂದಣಿ ಇದ್ದರೆ ಪೆಟ್ಟಿಗೆಯ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಕಾಂಪೊಸಿಷನ್‌ನಲ್ಲಿದ್ದರೆ ಸಿಗುವುದಿಲ್ಲ.

ಎರಡು ಡ್ರಾಯರ್ ಒಟ್ಟಿಗೆ ಎಳೆದಾಗ ಕ್ಯಾಬಿನೆಟ್ ಮುಂದಕ್ಕೆ ವಾಲುತ್ತದೆ. ಏನು ಮಾಡುವುದು?

ದುಬಾರಿಯದ್ದರಲ್ಲಿ ಕೆಲವಕ್ಕೆ ಒಂದು ಡ್ರಾಯರ್ ತೆರೆದರೆ ಉಳಿದವು ಲಾಕ್ ಆಗುವ ಏರ್ಪಾಡು ಇರುತ್ತದೆ. ಇಲ್ಲದಿದ್ದರೆ ಭಾರದ್ದೆಲ್ಲ ಅತಿ ಕೆಳಗೆ, ಸ್ಕ್ರೂಡ್ರೈವರ್, ಪ್ಲೇಯರ್ ಮೇಲೆ ಇಡಿ. ಡ್ರಾಯರ್ ತೆರೆಯುವಾಗ ಚಕ್ರದ ಬ್ರೇಕ್ ಹಾಕಿರಿ. ಒಂದೇ ಕಡೆ ನಿಲ್ಲಿಸುವ ಕ್ಯಾಬಿನೆಟ್ ಆದರೆ ಹಿಂಬದಿಯಿಂದ ಗೋಡೆಗೆ ಎಲ್ ಆಂಗಲ್ ಕೊಟ್ಟು ಎರಡು ಆಂಕರ್ ಬೋಲ್ಟ್ ಹಾಕಿ. ಕೆಂಪು ಕಲ್ಲಿನ ಗೋಡೆಯಾದರೆ 8 ಮಿ.ಮೀ. ಆಂಕರ್ ಕಲ್ಲಿನ ತೂತುಗಳಲ್ಲಿ ಹಿಡಿಯದೆ ಕಿತ್ತು ಬರುತ್ತದೆ. ಉದ್ದದ ಬೋಲ್ಟನ್ನು ಗೋಡೆಯ ಆಚೆಗೆ ತೂರಿಸಿ ಅಗಲದ ವಾಷರ್ ಹಾಕಿ ಬಿಗಿಯಿರಿ.